ಮೊದಲು ಕಾಯಿಲೆಗೊಂದು ಹೆಸರು

ಕೋಲಾರ ಸೀಮೆಯಲ್ಲಿ ಮದುವೆಯ ಮಾತು ಮನೆಯೊಳಗಿನಿಂದಲೇ ಶುರುವಾಗುತ್ತದೆ. ಅಕ್ಕನಿಗೆ ಹೆಣ್ಣು ಹುಟ್ಟಿದರೆ ಬಾಣಂತಿಯ ತಮ್ಮನನ್ನು ಕರೆದು ‘ನಿನ್ನ ಹೆಂಡ್ತಿ ಹುಟ್ಟಿದಾಳೆ ನೋಡೋ’ ಎನ್ನುವ ಅಜ್ಜಿಯರು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ತೆಲುಗು ಮಾತಾಡುವ ಮನೆಗಳಲ್ಲಿ ಇಂಥ ಸಂಬಂಧದೊಳಗಿನ ಮದುವೆಗೆ ಮೇನರಿಕ ಎಂದು ಹೆಸರು. ಕನ್ನಡದ ಮನೆಗಳಲ್ಲಿ ‘ಸ್ವಂತದಲ್ಲೇ ಕೊಟ್ಟಿದ್ದೀವಿ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಇದರ ಹಿಂದೆ ಗಟ್ಟಿ ಕಾರಣಗಳಿವೆ. ಹುಡುಗಿ ಸೊಸೆಯಾಗಿ ಹೋಗುವುದು ತಾನು ಆಡಿ ಬೆಳೆದ ಮನೆಗೆ. ಅಲ್ಲಿ ಅತ್ತೆಯೆಂದರೆ ತಾಯಿಯ ತಾಯಿಯೇ. ಎರಡೆಕರೆ ಮಾವಿನ ತೋಪು, ಕಷ್ಟಪಟ್ಟು ಕೊರೆಸಿದ ಒಂದು ಬೋರ್‌ವೆಲ್ ಹೊರಗಿನವರ ಪಾಲಾಗುವುದಿಲ್ಲ. ಕೊಡುವ ತರುವ ಲೆಕ್ಕದಲ್ಲಿ ಬಿಗಿ ಕಡಿಮೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯನ್ನು ನಿಷಿದ್ಧ ಸಂಬಂಧಗಳ ಸಾಲಿನಲ್ಲೇ ಇಟ್ಟರೂ ರೂಢಿ ಇರುವ ಕಡೆ ಅದಕ್ಕೆ ದಾರಿ ಬಿಟ್ಟಿದೆ.

ಇದು ಕೋಲಾರಕ್ಕಷ್ಟೇ ಸೇರಿದ ಪದ್ಧತಿಯಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು, ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳನ್ನು ಹುಡುಕುವ ದೊಡ್ಡ ಕೆಲಸ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ ಮತ್ತು ಅವರೊಂದಿಗೆ ದುಡಿದ ಎ.ಎಚ್. ಬಿಟ್ಲ್ಸ್ ಅವರ ತಂಡ ಪ್ರತಿ ತಾಯಿಗೂ ಒಂದು ಪ್ರಶ್ನೆ ಹಾಕಿತ್ತು: ಗಂಡ ನಿಮಗೆ ಮೊದಲೇ ಸಂಬಂಧಿಯಾ? ಒಂದು ಲಕ್ಷಕ್ಕೂ ಹೆಚ್ಚು ಜನನಗಳ ಆ ದಾಖಲೆಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ ಆದದ್ದು. ಅವುಗಳಲ್ಲಿ ಸೋದರಮಾವನ ಜೊತೆಗಿನ ಮದುವೆಗಳೇ ಮುಂದಿದ್ದವು. ಮೂರೂವರೆ ದಶಕ ಕಳೆದ ಮೇಲೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಸಂಬಂಧದೊಳಗಿನವೇ.

ಈ ಹಳೆಯ ರೂಢಿ ಈಗ ಹೊಸದೊಂದು ತಂತ್ರಜ್ಞಾನದ ಎದುರು ಬಂದು ನಿಂತಿದೆ. ಮಕ್ಕಳಾಗದೆ ಬೆಂಗಳೂರಿನ ಐವಿಎಫ್ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವ ದಂಪತಿಗೆ ‘ಭ್ರೂಣದ ಜೆನೆಟಿಕ್ ಟೆಸ್ಟ್’ ಎಂಬ ಮಾತು ಇಂದಲ್ಲ ನಾಳೆ ಕಿವಿಗೆ ಬೀಳುತ್ತದೆ. ಮಗುವೊಂದನ್ನು ಕಳೆದುಕೊಂಡು ಬಂದವರಿಗಂತೂ ಅದು ಕೊನೆಯ ಆಸರೆಯಂತೆ ಕಾಣುತ್ತದೆ. ಟೆಸ್ಟ್ ಮಾಡಿಸಿದರೆ ಹುಟ್ಟುವ ಮಗು ಸರಿಯಾಗಿರುತ್ತದಲ್ಲ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಹೌದು ಎನ್ನುವುದೂ ತಪ್ಪು, ಇಲ್ಲ ಎನ್ನುವುದೂ ತಪ್ಪು. ಯಾಕೆ ಎಂದು ತಿಳಿಯಲು ಆ ಪರೀಕ್ಷೆ ನಿಜಕ್ಕೂ ಏನನ್ನು ನೋಡುತ್ತದೆ ಎಂಬುದನ್ನು ಬಿಡಿಸಿಕೊಳ್ಳಬೇಕು.

ಐವಿಎಫ್‌ನಲ್ಲಿ ಮೊದಲು ಹತ್ತು ಹನ್ನೆರಡು ದಿನ ಹಾರ್ಮೋನು ಚುಚ್ಚುಮದ್ದು ಕೊಟ್ಟು ಹೆಣ್ಣಿನ ಅಂಡಾಶಯದಲ್ಲಿ ಒಂದೇ ಸಲಕ್ಕೆ ಹಲವು ಅಂಡಾಣುಗಳು ಬಲಿಯುವಂತೆ ಮಾಡುತ್ತಾರೆ. ಅವನ್ನು ಸೂಜಿಯಿಂದ ಹೊರತೆಗೆದು, ಒಂದೊಂದು ಅಂಡಾಣುವಿನೊಳಕ್ಕೂ ಒಂದೊಂದೇ ವೀರ್ಯಾಣುವನ್ನು ಸೇರಿಸುತ್ತಾರೆ. ಫಲಿತ ಅಂಡಾಣು ಒಂದು ಎರಡಾಗಿ, ಎರಡು ನಾಲ್ಕಾಗಿ, ಐದನೇ ದಿನದ ಹೊತ್ತಿಗೆ ನೂರು ಇನ್ನೂರು ಕೋಶಗಳ ಪುಟ್ಟ ಚೆಂಡಾಗುತ್ತದೆ. ಬ್ಲಾಸ್ಟೊಸಿಸ್ಟ್ ಎನ್ನುವುದು ಇದನ್ನೇ. ಅದರ ಒಳಗೊಂದು ಗುಂಪು ಮುಂದೆ ಮಗುವಾಗುತ್ತದೆ. ಹೊರಗಿನ ಪದರ ಮಾಸು ಆಗುತ್ತದೆ. ಈ ಹೊರಪದರದಿಂದ ಐದರಿಂದ ಹತ್ತು ಕೋಶಗಳನ್ನು ಲೇಸರ್ ನೆರವಿನಿಂದ ಬಿಡಿಸಿ ತೆಗೆಯುವುದೇ ಭ್ರೂಣದ ಬಯಾಪ್ಸಿ. ಭ್ರೂಣವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಕೋಶಗಳು ಜೆನೆಟಿಕ್ ಪ್ರಯೋಗಾಲಯಕ್ಕೆ ಹೋಗುತ್ತವೆ. ವರದಿ ಬಂದ ಮೇಲೆ, ಮುಂದಿನ ಯಾವುದೋ ತಿಂಗಳಲ್ಲಿ, ಆಯ್ದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುತ್ತಾರೆ.

ಪ್ರಯೋಗಾಲಯದಲ್ಲಿ ನಡೆಯುವುದು ಒಂದೇ ಪರೀಕ್ಷೆ ಎಂದು ಬಹಳ ಮಂದಿ ನಂಬಿದ್ದಾರೆ. ಅದು ಒಂದಲ್ಲ. ಪಿಜಿಟಿ-ಎ ಎಂಬುದು ಕ್ರೋಮೋಸೋಮುಗಳನ್ನು ಎಣಿಸುತ್ತದೆ. ಮನುಷ್ಯನ ಕೋಶದಲ್ಲಿ ಇರಬೇಕಾದ 46ರಲ್ಲಿ ಒಂದು ಹೆಚ್ಚಿದೆಯೋ ಕಡಿಮೆಯಿದೆಯೋ ಎಂಬುದಷ್ಟೇ ಅದರ ಪ್ರಶ್ನೆ. ಡೌನ್ ಸಿಂಡ್ರೋಮ್‌ನಲ್ಲಿ 21ನೆಯದು ಎರಡರ ಬದಲು ಮೂರಿರುವುದು ಇಲ್ಲಿ ಗೊತ್ತಾಗುತ್ತದೆ. ಪಿಜಿಟಿ-ಎಸ್‌ಆರ್ ಎಂಬುದು ತಂದೆ ಅಥವಾ ತಾಯಿಯಲ್ಲಿ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿದ್ದಾಗ, ಅದರಿಂದ ಮತ್ತೆ ಮತ್ತೆ ಗರ್ಭ ಇಳಿಯುತ್ತಿದ್ದಾಗ ಮಾಡುವಂಥದು. ಮೂರನೆಯದು ಪಿಜಿಟಿ-ಎಂ. ಒಂದು ಜೀನಿನಲ್ಲಿ, ಆ ಮನೆಯಲ್ಲಿ ಈಗಾಗಲೇ ಗುರುತಾಗಿರುವ ಒಂದು ದೋಷ ಈ ಭ್ರೂಣಕ್ಕೆ ಬಂದಿದೆಯೇ ಎಂದು ಅದು ನೋಡುತ್ತದೆ.

ಮೇನರಿಕದ ಮನೆಗೆ ಬೇಕಾಗಬಹುದಾದದ್ದು ಈ ಮೂರನೆಯದು. ಆದರೆ ಹೆಚ್ಚಾಗಿ ಮಾಡುವುದು, ಪ್ಯಾಕೇಜಿನಲ್ಲಿ ಸೇರಿ ಬರುವುದು, ಮೊದಲನೆಯದು. ಸಂಬಂಧದೊಳಗಿನ ಮದುವೆಯಿಂದ ಬರುವ ಕಾಯಿಲೆಗಳನ್ನು ಪಿಜಿಟಿ-ಎ ಕಾಣಲಾರದು. ಕ್ರೋಮೋಸೋಮುಗಳು 46 ಸರಿಯಾಗಿಯೇ ಇದ್ದು, ಅವುಗಳೊಳಗಿನ ಒಂದು ಅಕ್ಷರ ತಪ್ಪಿದ್ದರೆ ವರದಿಯಲ್ಲಿ ‘ನಾರ್ಮಲ್’ ಎಂದೇ ಬರುತ್ತದೆ. ಆ ಪದವನ್ನು ನಂಬಿ ನಿಶ್ಚಿಂತೆಯಾಗಿ ಮನೆಗೆ ಬರುವ ದಂಪತಿಗೆ ಈ ಮಾತನ್ನು ಮೊದಲೇ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ರೇಷ್ಮೆ ಕಟ್ಟುವ ಕೋಲಾರದ ರೈತನಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಿಲ್ಲ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆ ಗಂಟುರೋಗದಿಂದ ನಾಶವಾಗುತ್ತಿದ್ದಾಗ ಲೂಯಿ ಪಾಶ್ಚರ್ ಒಂದು ದಾರಿ ಕಂಡುಹಿಡಿದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗಾಣು ಕಂಡರೆ ಅದು ಇಟ್ಟ ಮೊಟ್ಟೆಗಳನ್ನೆಲ್ಲ ಸುಡುವುದು. ಇಂದಿಗೂ ಮೊಟ್ಟೆ ಕೇಂದ್ರಗಳಲ್ಲಿ ‘ರೋಗರಹಿತ ಮೊಟ್ಟೆ’ ತಯಾರಾಗುವುದು ಹೀಗೆಯೇ. ಆ ಮೊಟ್ಟೆಗಳ ಹಾಳೆಯನ್ನು ತಂದ ರೈತನಿಗೆ ಗೊತ್ತು, ಅದು ಗಂಟುರೋಗ ಇಲ್ಲವೆಂಬ ಭರವಸೆ ಮಾತ್ರ. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ‘ಜ್ವರ’ ಎದ್ದ ಮೇಲೆ ಹಾಲುತೊಂಡೆ ಬಂದರೆ, ಸಪ್ಪೆ ರೋಗ ಬಂದರೆ, ಮೊಟ್ಟೆ ಕೊಟ್ಟವರನ್ನು ಅವನು ದೂರುವುದಿಲ್ಲ. ಪರೀಕ್ಷೆ ತಾನು ಹುಡುಕಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಹಾಗಾದರೆ ಭ್ರೂಣದಲ್ಲಿ ಏನನ್ನು ಹುಡುಕಬೇಕು? ಸಂಬಂಧದಲ್ಲಿ ಮದುವೆಯಾಗಿದ್ದೇವೆ ಎಂಬುದೊಂದು ಕಾಯಿಲೆಯಲ್ಲ, ಹುಡುಕಲು. ನಮ್ಮ ಎಲ್ಲರ ಮೈಯಲ್ಲೂ ಕೆಲವು ಜೀನುಗಳ ಒಂದು ಪ್ರತಿ ಕೆಟ್ಟಿರುತ್ತದೆ. ಇನ್ನೊಂದು ಪ್ರತಿ ಚೆನ್ನಾಗಿರುವುದರಿಂದ ಏನೂ ಆಗುವುದಿಲ್ಲ. ನಮಗದು ಗೊತ್ತೂ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನಿನ ಪ್ರತಿ ಕೆಟ್ಟಿದ್ದರೆ ಮಾತ್ರ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಮಗು ಹುಟ್ಟುವ ಸಾಧ್ಯತೆ. ಈಗ ಒಂದು ಮನೆಯನ್ನು ಎಣಿಸಿಕೊಳ್ಳಿ. ಅಜ್ಜಿಯಲ್ಲಿ ಅಂಥ ಒಂದು ಕೆಟ್ಟ ಪ್ರತಿ ಇದೆ. ಅದು ಮಗನಿಗೆ ಬಂದಿರುವ ಸಾಧ್ಯತೆ ಅರ್ಧ. ಮಗಳಿಗೂ ಅರ್ಧ, ಆ ಮಗಳ ಮಗಳಿಗೆ ಕಾಲು. ಮಗನಿಗೂ ಮೊಮ್ಮಗಳಿಗೂ ಮದುವೆಯಾದರೆ ಇಬ್ಬರಲ್ಲೂ ಆ ಪ್ರತಿ ಇರುವ ಸಾಧ್ಯತೆ ಎಂಟರಲ್ಲಿ ಒಂದು. ಅವರ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 32ರಲ್ಲಿ ಒಂದು. ಹೊರಗಿನ ಹುಡುಗಿಯನ್ನು ತಂದಿದ್ದರೆ ಅದೇ ಅಪರೂಪದ ದೋಷ ಅವಳಲ್ಲೂ ಇರುವುದು ನೂರರಲ್ಲೋ ಸಾವಿರದಲ್ಲೋ ಒಂದು ಸಲ.

ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. 32ರಲ್ಲಿ 31 ಪಾಲು ಮಕ್ಕಳಿಗೆ ಆ ಕಾಯಿಲೆ ಬರುವುದಿಲ್ಲ. ಮೇನರಿಕದಲ್ಲಿ ಹುಟ್ಟಿ ಆರೋಗ್ಯವಾಗಿ ಬಾಳಿದವರು ಈ ಜಿಲ್ಲೆಯ ಪ್ರತಿ ಬೀದಿಯಲ್ಲೂ ಇದ್ದಾರೆ. ಅದನ್ನೇ ತೋರಿಸಿ ‘ನಮ್ಮ ಮನೆಯಲ್ಲಿ ಮೂರು ತಲೆಮಾರಿಂದ ಮಾಡಿಕೊಂಡು ಬಂದಿದ್ದೀವಿ, ಏನಾಗಿದೆ?’ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಏನಾದರೂ ಆಗುವ ಮನೆಯಲ್ಲಿ ಅದು ಒಮ್ಮೆ ಆಗಿ ನಿಲ್ಲುವುದಿಲ್ಲ. ಅಲ್ಲಿ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಹೊಸದಾಗಿ ಎದುರಾಗುತ್ತದೆ. ಹಿಂದಿನ ಮಗುವಿಗೆ ಬಂದಿತ್ತು, ಈ ಸಲ ಬರಲಿಕ್ಕಿಲ್ಲ ಎಂಬ ಸಮಾಧಾನಕ್ಕೆ ಜೀನುಗಳಲ್ಲಿ ಆಧಾರವಿಲ್ಲ.

ಎಸ್‌ಎಂಎ ಎಂಬ ಸ್ನಾಯು ಕ್ಷೀಣಿಸುವ ಕಾಯಿಲೆಯನ್ನೇ ತೆಗೆದುಕೊಳ್ಳಿ. ತೀವ್ರ ಬಗೆಯಲ್ಲಿ ಮಗು ಹುಟ್ಟಿದಾಗ ಚೆನ್ನಾಗಿಯೇ ಕಾಣುತ್ತದೆ, ನಗುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. ಮೂರು ನಾಲ್ಕು ತಿಂಗಳಾದರೂ ಕತ್ತು ನಿಲ್ಲುವುದಿಲ್ಲ. ಕಾಲು ಬಡಿಯುವುದು ನಿಲ್ಲುತ್ತದೆ. ದೃಷ್ಟಿ ತೆಗೆಸುತ್ತಾರೆ, ತಾಯತ ಕಟ್ಟಿಸುತ್ತಾರೆ, ಎಣ್ಣೆ ತೀಡುತ್ತಾರೆ. ಕಫ ಕಟ್ಟಿ ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಅಂಥ ಮಕ್ಕಳಲ್ಲಿ ಬಹುತೇಕರು ಎರಡು ವರ್ಷ ದಾಟುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ‘ನ್ಯುಮೋನಿಯಾ’ ಎಂದಿರುತ್ತದೆ. ಅದು ಸಾವಿಗೆ ಕಾರಣವಾದದ್ದು ನಿಜ. ಕಾಯಿಲೆಯ ಹೆಸರು ಅದಲ್ಲ. ಎಸ್‌ಎಂಎನ್1 ಎಂಬ ಜೀನನ್ನು ನೋಡುವ ಒಂದು ರಕ್ತಪರೀಕ್ಷೆ ಮಾಡಿದ್ದರೆ ಸುಮಾರು ಶೇ 95ರಷ್ಟು ಪ್ರಕರಣಗಳಲ್ಲಿ ಉತ್ತರ ಸಿಗುತ್ತಿತ್ತು.

ನಾನು ಈ ಲೇಖನವನ್ನು ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ಮಗು ಉಳಿಯದಿದ್ದರೂ ಅದರ ಕಾಯಿಲೆಯ ಹೆಸರು ಉಳಿಯಬೇಕು. ಪಿಜಿಟಿ-ಎಂ ಆಗಬೇಕಾದರೆ ಮೊದಲು ಬೇಕಾಗುವುದು ಭ್ರೂಣವಲ್ಲ, ದುಡ್ಡೂ ಅಲ್ಲ. ಯಾವ ಜೀನಿನಲ್ಲಿ ಯಾವ ಜಾಗದಲ್ಲಿ ದೋಷವಿದೆ ಎಂಬ ವರದಿ ಬೇಕು. ಅದು ಸಿಗುವುದು ಬಹುತೇಕ ಕಾಯಿಲೆ ಬಿದ್ದ ಮಗುವಿನ ರಕ್ತದಿಂದ. ಮಗು ತೀರಿಹೋದ ಮೇಲೆ ತಂದೆ ತಾಯಿಯ ರಕ್ತದಿಂದ ಹುಡುಕಬಹುದು, ಆದರೆ ಹುಡುಕಾಟ ದೊಡ್ಡದು, ಖಚಿತತೆ ಕಡಿಮೆ. ಕಾರಣ ತಿಳಿಯದೆ ನರಳುತ್ತಿರುವ ಎಳೆಗೂಸಿನ ಎರಡು ಮಿಲಿಲೀಟರ್ ರಕ್ತವನ್ನು ಒಂದು ಇಡಿಟಿಎ ಟ್ಯೂಬಿನಲ್ಲಿ ಹಿಡಿದು, ಅದರ ಡಿಎನ್‌ಎ ತೆಗೆಸಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಗುವಿನ ಸ್ಥಿತಿ ಬಿಗಡಾಯಿಸಿದಾಗ ತಂದೆ ತಾಯಿಗೆ ಇದೆಲ್ಲ ತೋಚುವುದಿಲ್ಲ, ತೋಚಬೇಕೆಂದು ನಿರೀಕ್ಷಿಸುವುದೂ ಕ್ರೂರ. ವಾರ್ಡಿನಲ್ಲಿರುವ ವೈದ್ಯರು ಕೇಳಬೇಕು.

ಇದಕ್ಕೆ ಬೇಕಾದ ಬಾಗಿಲುಗಳು ಕೋಲಾರಕ್ಕೆ ತೀರ ದೂರವೇನಿಲ್ಲ. ಜಿಲ್ಲಾ ಕೇಂದ್ರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ ಇದೆ. ಟಮಕದಲ್ಲಿ 1986ರಲ್ಲಿ ಶುರುವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೋಶ ಜೀವಶಾಸ್ತ್ರ ಮತ್ತು ಅಣು ತಳಿವಿಜ್ಞಾನದ ವಿಭಾಗವೂ ಇದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನು ಕೇಂದ್ರ ಸರ್ಕಾರ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಿದೆ. ಆ ನೀತಿಯಡಿ ಒಬ್ಬ ರೋಗಿಯ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಎಸ್‌ಎಂಎಗೆ ಕೊಡುವ ಒಂದೇ ಡೋಸಿನ ಜೀನ್ ಚಿಕಿತ್ಸೆಗೆ 16 ಕೋಟಿ ಎಂದು ಪತ್ರಿಕೆಗಳಲ್ಲಿ ಓದಿದವರಿಗೆ ಈ ಎರಡು ಅಂಕಿಗಳ ನಡುವಿನ ಕಂದರ ಕಾಣುತ್ತದೆ. ಆ ಕಂದರದ ದೆಸೆಯಿಂದಲೇ ಮುಂದಿನ ಮಗುವಿನ ಪ್ರಶ್ನೆ ಇಷ್ಟು ದೊಡ್ಡದಾಗುವುದು.

ಕಾಯಿಲೆಗೆ ಹೆಸರು ಸಿಕ್ಕಿತು ಎನ್ನೋಣ. ಭ್ರೂಣ ಪರೀಕ್ಷೆ ಮಾಡುವ ಪ್ರಯೋಗಾಲಯ ಮೊದಲು ತಂದೆ, ತಾಯಿ, ಮಗುವಿನ, ಕೆಲವೊಮ್ಮೆ ಅಜ್ಜ ಅಜ್ಜಿಯರ ರಕ್ತವನ್ನೂ ತರಿಸಿಕೊಳ್ಳುತ್ತದೆ. ಐದಾರು ಕೋಶಗಳಲ್ಲಿ ಸಿಗುವ ಡಿಎನ್‌ಎ ಅತ್ಯಲ್ಪ. ಅದನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಓದುವಾಗ ಎರಡು ಪ್ರತಿಗಳಲ್ಲಿ ಒಂದು ಬಿಟ್ಟುಹೋಗಬಹುದು, ಕೆಟ್ಟದ್ದು ಕಾಣದೆ ಚೆನ್ನಾಗಿರುವುದಷ್ಟೇ ಕಾಣಬಹುದು. ಆದ್ದರಿಂದ ದೋಷವಿರುವ ಜಾಗದ ಅಕ್ಕಪಕ್ಕದ ಗುರುತುಗಳನ್ನೂ ಸೇರಿಸಿ, ಈ ತುಂಡು ತಂದೆಯ ಯಾವ ಪ್ರತಿಯಿಂದ ಬಂತು, ಆ ತುಂಡು ತಾಯಿಯ ಯಾವ ಪ್ರತಿಯಿಂದ ಬಂತು ಎಂದು ತಾಳೆ ನೋಡುತ್ತಾರೆ. ಮೇನರಿಕದ ದಂಪತಿಯ ವಿಷಯದಲ್ಲಿ ತೊಡಕು ಬರುವುದು ಇಲ್ಲೇ. ಗಂಡನ ಕೆಟ್ಟ ಪ್ರತಿಯೂ ಹೆಂಡತಿಯ ಕೆಟ್ಟ ಪ್ರತಿಯೂ ಒಬ್ಬಳೇ ಅಜ್ಜಿಯಿಂದ ಬಂದದ್ದಾದರೆ ಅಕ್ಕಪಕ್ಕದ ಗುರುತುಗಳೂ ಒಂದೇ ಆಗಿರುತ್ತವೆ. ಯಾವುದು ಯಾರಿಂದ ಬಂತೆಂದು ಬೇರ್ಪಡಿಸುವುದು ಕಷ್ಟ. ಪ್ರಯೋಗಾಲಯ ಇನ್ನಷ್ಟು ದೂರದ ಗುರುತುಗಳನ್ನು ಹುಡುಕಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ‘ನಮ್ಮದು ಸ್ವಂತದಲ್ಲಿ ಆದ ಮದುವೆ’ ಎಂಬುದನ್ನು ಮುಚ್ಚಿಡದೆ ಮೊದಲ ದಿನವೇ ಹೇಳಬೇಕಾದದ್ದು ಇದಕ್ಕಾಗಿ. ನಾಚಿಕೊಳ್ಳುವ ಸಂಗತಿ ಇದರಲ್ಲಿ ಏನೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಕೈಗೆ ಸಿಗುವ ಭ್ರೂಣಗಳು ಎಷ್ಟು? ಹತ್ತು ಅಂಡಾಣು ತೆಗೆದರೆ ಅವುಗಳಲ್ಲಿ ಬಲಿತವು ಕೆಲವು, ಫಲಿಸುವವು ಇನ್ನೂ ಕಡಿಮೆ, ಐದನೇ ದಿನ ತಲುಪುವವು ಮೂರೋ ನಾಲ್ಕೋ. ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದಕ್ಕೆ ಕಾಯಿಲೆ, ಒಂದು ಪೂರ್ತಿ ಮುಕ್ತ, ಎರಡು ತಂದೆ ತಾಯಿಯ ಹಾಗೆ ಒಂದು ಕೆಟ್ಟ ಪ್ರತಿಯನ್ನು ಹೊತ್ತವು. ಈ ಎರಡನ್ನು ಕಂಡು ಮನೆಯವರು ಗಾಬರಿಯಾಗುವುದುಂಟು, ಬೇಡವೇ ಬೇಡ ಎನ್ನುವುದುಂಟು. ಹಾಗೆ ಅನ್ನಬೇಕಾಗಿಲ್ಲ. ಆ ಭ್ರೂಣದಿಂದ ಹುಟ್ಟುವ ಮಗು ತನ್ನ ತಂದೆಯಷ್ಟೇ, ತಾಯಿಯಷ್ಟೇ ಆರೋಗ್ಯವಾಗಿರುತ್ತದೆ. ಅದನ್ನು ಎಸೆಯುವುದೆಂದರೆ ಇದ್ದ ಅವಕಾಶದಲ್ಲಿ ಹೆಚ್ಚಿನ ಪಾಲನ್ನು ಕಳೆದುಕೊಂಡಂತೆ.

ಯಾವ ಕಾಯಿಲೆಯೂ ಮನೆಯಲ್ಲಿ ಇಲ್ಲ, ಮಕ್ಕಳಾಗುತ್ತಿಲ್ಲವೆಂದಷ್ಟೇ ಐವಿಎಫ್‌ಗೆ ಬಂದವರಿಗೆ ಕ್ರೋಮೋಸೋಮ್ ಎಣಿಕೆ ಬೇಕೇ? ಹೆಣ್ಣಿನ ವಯಸ್ಸು ನಲವತ್ತರ ಸಮೀಪವಿದ್ದರೆ ಕ್ರೋಮೋಸೋಮ್ ತಪ್ಪಿದ ಭ್ರೂಣಗಳು ಅರ್ಧಕ್ಕೂ ಹೆಚ್ಚಿರುವುದರಿಂದ ವ್ಯರ್ಥ ಪ್ರಯತ್ನಗಳನ್ನು, ಗರ್ಭಪಾತದ ನೋವನ್ನು ಕಡಿಮೆ ಮಾಡುವ ವಾದಕ್ಕೆ ಬಲವಿದೆ. ಆದರೆ ಕೋಲಾರದ ಹಳ್ಳಿಗಳಿಂದ ಹೋಗುವ ಎಷ್ಟೋ ಹೆಣ್ಣುಮಕ್ಕಳಿಗೆ ಇನ್ನೂ ಇಪ್ಪತ್ತೈದು, ಮೂವತ್ತು. ಅವರ ಬಗ್ಗೆ ಒಳ್ಳೆಯ ಪುರಾವೆಯೇ ಇದೆ. 2021ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದರಲ್ಲಿ 20ರಿಂದ 37 ವಯಸ್ಸಿನ 1,212 ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದರು. ಭ್ರೂಣದ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇ 77.2 ಮಂದಿಗೆ ಮಗುವಾಯಿತು. ಪರೀಕ್ಷೆಯಿಲ್ಲದೆ, ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಂಡ ಭ್ರೂಣವನ್ನೇ ಆಯ್ದುಕೊಂಡವರಲ್ಲಿ ಶೇ 81.8 ಮಂದಿಗೆ. ಪರೀಕ್ಷೆಯ ಗುಂಪಿನಲ್ಲಿ ಗರ್ಭಪಾತಗಳು ತುಸು ಕಡಿಮೆಯಿದ್ದವು, ಆದರೆ ಮಡಿಲು ತುಂಬಿದವರ ಸಂಖ್ಯೆ ಹೆಚ್ಚಲಿಲ್ಲ.

ವರದಿಗೂ ಒಂದು ಮಿತಿಯಿದೆ. ಮಾಸಾಗುವ ಪದರದಿಂದ ತೆಗೆದ ಕೋಶಗಳು ಮಗುವಾಗುವ ಕೋಶಗಳ ಸ್ಥಿತಿಯನ್ನೇ ಹೇಳಬೇಕೆಂದೇನಿಲ್ಲ. ಕೆಲವು ಭ್ರೂಣಗಳಲ್ಲಿ ಸರಿಯಿರುವ ಕೋಶಗಳೂ ತಪ್ಪಿರುವ ಕೋಶಗಳೂ ಬೆರೆತಿರುತ್ತವೆ. ಇಟಲಿಯ ವೈದ್ಯರ ತಂಡವೊಂದು ಬೇರೆ ಭ್ರೂಣಗಳೇ ಇಲ್ಲದ 18 ಮಹಿಳೆಯರಿಗೆ ಇಂಥ ಬೆರಕೆ ಭ್ರೂಣಗಳನ್ನೇ ಗರ್ಭಕೋಶಕ್ಕೆ ಬಿಟ್ಟಾಗ ಆರು ಆರೋಗ್ಯವಂತ ಮಕ್ಕಳು ಹುಟ್ಟಿದರೆಂದು 2015ರಲ್ಲಿ ವರದಿ ಮಾಡಿತು. ‘ಅಬ್‌ನಾರ್ಮಲ್’ ಎಂಬ ಒಂದು ಪದ ನೋಡಿ ಇರುವ ಒಂದೇ ಭ್ರೂಣವನ್ನು ಕೈಬಿಡುವ ಮೊದಲು ತಳಿ ಸಲಹೆಗಾರರೊಬ್ಬರ ಬಳಿ ಆ ವರದಿಯನ್ನು ಓದಿಸಿಕೊಳ್ಳುವುದು ತಾಯಿಯ ಹಕ್ಕು.

ಇನ್ನು ಖರ್ಚಿನ ಮಾತು. ಒಂದು ಸುತ್ತಿನ ಐವಿಎಫ್‌ಗೆ ಒಂದೂವರೆ ಎರಡು ಲಕ್ಷ ಸಹಜವಾಗಿಯೇ ಆಗುತ್ತದೆ. ಜೆನೆಟಿಕ್ ಪರೀಕ್ಷೆಯ ದುಡ್ಡು ಅದರ ಮೇಲೆ, ಬಹುತೇಕ ಭ್ರೂಣಕ್ಕಿಷ್ಟು ಎಂಬ ಲೆಕ್ಕದಲ್ಲಿ. ಆಯುಷ್ಮಾನ್ ಕಾರ್ಡಿನಲ್ಲಿ ಬಂಜೆತನದ ಚಿಕಿತ್ಸೆ ಸೇರಿಲ್ಲ. ಒಡವೆ ಅಡವಿಟ್ಟು, ಚೀಟಿ ಎತ್ತಿ, ಹಸು ಮಾರಿ ಬರುವ ದುಡ್ಡು ಇದು. ಕಾಯಿಲೆಯ ಹೆಸರು ಗೊತ್ತಿರುವ, ಸಹಜವಾಗಿಯೇ ಬಸಿರು ನಿಲ್ಲುವ ದಂಪತಿಗೆ ಐವಿಎಫ್ ಅನಿವಾರ್ಯವೂ ಅಲ್ಲ. ಬಸಿರಾದ 11ರಿಂದ 14 ವಾರದೊಳಗೆ ಮಾಸಿನ ಸಣ್ಣ ತುಣುಕು ತೆಗೆದು, ಇಲ್ಲವೇ 16 ವಾರದ ಮೇಲೆ ಗರ್ಭಜಲ ತೆಗೆದು ಅದೇ ಜೀನನ್ನು ನೋಡಬಹುದು. ಖರ್ಚು ಬಹಳ ಕಡಿಮೆ. ಆದರೆ ಉತ್ತರ ಕೆಟ್ಟದಾದರೆ ಬಸಿರನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ, ಅದನ್ನು ಹೊರಬೇಕಾದವಳು ಆ ತಾಯಿ. ಎರಡು ಮೂರು ಸಲ ಅದನ್ನು ಹೊತ್ತ ಹೆಣ್ಣಿಗೆ ಭ್ರೂಣದ ಹಂತದಲ್ಲೇ ನೋಡುವ ದಾರಿ ಎಂಥ ಬಿಡುಗಡೆ ಎಂಬುದನ್ನು ಹೊರಗಿನವರು ಹಗುರವಾಗಿ ಕಾಣಬಾರದು. ಆ ದಾರಿ ಹಿಡಿದವರಿಗೂ ಬಸಿರಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಲು ವೈದ್ಯರು ಹೇಳುತ್ತಾರೆ, ಏಕೆಂದರೆ ಐದಾರು ಕೋಶಗಳ ಸಾಕ್ಷ್ಯದಲ್ಲಿ ಸಣ್ಣದೊಂದು ಸಂದೇಹ ಉಳಿದೇ ಇರುತ್ತದೆ.

ಭ್ರೂಣ ಪರೀಕ್ಷೆ ಲೋಕದಲ್ಲಿ ಮೊದಲು ಯಶಸ್ವಿಯಾದದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, 1990ರಲ್ಲಿ. ಅಲನ್ ಹ್ಯಾಂಡಿಸೈಡ್, ರಾಬರ್ಟ್ ವಿನ್ಸ್ಟನ್ ಅವರ ತಂಡ ಅಂದು ಓದಬಲ್ಲವರಾಗಿದ್ದದ್ದು ಭ್ರೂಣ ಗಂಡೋ ಹೆಣ್ಣೋ ಎಂಬುದನ್ನು ಮಾತ್ರ. ಹೆಚ್ಚಾಗಿ ಗಂಡುಮಕ್ಕಳನ್ನೇ ಬಾಧಿಸುವ ಕಾಯಿಲೆಗಳಿದ್ದ ಮನೆಗಳಿಗೆ ಅವರು ಹೆಣ್ಣು ಭ್ರೂಣಗಳನ್ನು ಆಯ್ದುಕೊಟ್ಟರು. ಅಲ್ಲಿ ಹೆಣ್ಣುಮಕ್ಕಳನ್ನು ಉಳಿಸಿಕೊಂಡ ಅದೇ ವಿದ್ಯೆ ನಮ್ಮಲ್ಲಿಗೆ ಬಂದರೆ ಏನಾಗಬಹುದೆಂದು ಕಾನೂನು ಮಾಡಿದವರಿಗೆ ಗೊತ್ತಿತ್ತು. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು 2003ರಲ್ಲಿ ತಿದ್ದಿ, ಗರ್ಭ ಕಟ್ಟುವ ಮುಂಚಿನ ಲಿಂಗ ಆಯ್ಕೆಯನ್ನೂ ಅದರೊಳಗೆ ತಂದರು. 2022ರ ಜನವರಿಯಿಂದ ಜಾರಿಗೆ ಬಂದ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆ ಇನ್ನೂ ಸ್ಪಷ್ಟ: ಈಗಾಗಲೇ ತಿಳಿದಿರುವ, ವಂಶದಲ್ಲಿ ಬರುವ ಇಲ್ಲವೇ ತಳಿ ಸಂಬಂಧಿ ಕಾಯಿಲೆಗಳನ್ನು ನೋಡಲು ಮಾತ್ರ ಭ್ರೂಣ ಪರೀಕ್ಷೆ. ಬೇಕಾದ ಲಿಂಗದ ಮಗು ಕೊಡುತ್ತೇವೆಂದು ಜಾಹೀರಾತು ಮಾಡಿದರೆ ಐದರಿಂದ ಹತ್ತು ವರ್ಷದವರೆಗೆ ಜೈಲು, ಅಥವಾ ಹತ್ತರಿಂದ ಇಪ್ಪತ್ತೈದು ಲಕ್ಷ ದಂಡ, ಇಲ್ಲವೇ ಎರಡೂ.

ಕ್ರೋಮೋಸೋಮ್ ಎಣಿಸುವ ಯಂತ್ರಕ್ಕೆ ಎಕ್ಸ್, ವೈ ಎರಡೂ ಕಂಡೇ ಕಾಣುತ್ತವೆ. ವರದಿಯಲ್ಲಿ ಅದನ್ನು ಬರೆಯಬಾರದು, ಬಾಯಲ್ಲೂ ಹೇಳಬಾರದು, ಸನ್ನೆಯಲ್ಲೂ ತಿಳಿಸಬಾರದು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣಗಳನ್ನು ಗುರುತಿಸುತ್ತಿತ್ತು. ಆಲೆಮನೆಯಲ್ಲಿ ಅಡಗಬಲ್ಲ ಆಸೆ ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ ಅಡಗಲಾರದು ಎನ್ನಲು ನನಗೆ ಧೈರ್ಯವಿಲ್ಲ. ತಪಾಸಣೆ ಅಲ್ಲಿಗೂ ತಲುಪಬೇಕು.

ಯಾವ ದೋಷಕ್ಕೆ ಭ್ರೂಣವನ್ನು ಕೈಬಿಡಬಹುದು ಎಂಬ ಪ್ರಶ್ನೆ ಕಾನೂನಿನ ಪುಸ್ತಕದಲ್ಲಿ ಮುಗಿಯುವುದಿಲ್ಲ. ದಕ್ಷಿಣ ಏಷ್ಯಾದ ಸಮುದಾಯಗಳ ಡಿಎನ್‌ಎ ಓದಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಅಮೆರಿಕದ ಡೇವಿಡ್ ರೈಖ್ ಮತ್ತಿತರರು 2017ರಲ್ಲಿ ಪ್ರಕಟಿಸಿದ ಸಂಶೋಧನೆ, ಸೋದರಸಂಬಂಧದ ಮದುವೆ ಇಲ್ಲದ ಕಡೆಯೂ ಶತಮಾನಗಳಿಂದ ಜಾತಿಯೊಳಗೇ ನಡೆದ ಮದುವೆಗಳು ಇಂಥ ಒಂಟಿ ದೋಷಗಳನ್ನು ಗುಂಪಿನೊಳಗೆ ಉಳಿಸಿವೆ ಎಂದು ತೋರಿಸಿತು. ಅವರು ಕೊಟ್ಟ ಒಂದು ಉದಾಹರಣೆ ವೈಶ್ಯ ಸಮುದಾಯದ್ದು. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಕೆಲವು ಔಷಧಗಳು ಅವರಲ್ಲಿ ಕೆಲವರ ಮೈಯಲ್ಲಿ ಬೇಗ ಕರಗುವುದಿಲ್ಲ. ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿದರೆ ಅವರು ಬೇರೆ ಔಷಧ ಬಳಸುತ್ತಾರೆ, ಅಷ್ಟೇ. ಜೀನಿನಲ್ಲಿ ದೋಷವಿದೆ ಎಂದ ಮಾತ್ರಕ್ಕೆ ಭ್ರೂಣ ಬೇಡವಾಗಬೇಕಿಲ್ಲ. ಜಿಜೆಬಿ2 ಎಂಬ ಜೀನಿನಿಂದ ಬರುವ ಹುಟ್ಟುಗಿವುಡಿನ ವಿಷಯ ಇನ್ನೂ ಸೂಕ್ಷ್ಮ. ಬೇಗ ಪತ್ತೆಯಾದ ಮಗುವಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಾತು, ಸಂಜ್ಞೆ, ಕಾಕ್ಲಿಯರ್ ಇಂಪ್ಲಾಂಟ್ ಎಲ್ಲದರ ದಾರಿಯಿದೆ. ಕಿವುಡರಾಗಿ ಓದಿ, ದುಡಿದು, ಸಂಸಾರ ಮಾಡುತ್ತಿರುವವರನ್ನು ಒಮ್ಮೆ ಭೇಟಿಯಾಗದೆ, ಆ ದೋಷವುಳ್ಳ ಭ್ರೂಣ ಬೇಡವೆಂದು ಯಾವ ದಂಪತಿಯೂ ನಿರ್ಧರಿಸದಿರಲಿ ಎಂದು ಬಯಸುತ್ತೇನೆ. ನಿರ್ಧಾರ ಅವರದೇ. ಕ್ಲಿನಿಕ್ಕಿನದಲ್ಲ, ಅತ್ತೆ ಮಾವನದೂ ಅಲ್ಲ.

ಪರೀಕ್ಷೆಯ ಮಾತು ಬಂದಾಗ ಮೊದಲು ಸೊಸೆಯನ್ನೇ ಆಸ್ಪತ್ರೆಗೆ ಕರೆದೊಯ್ಯುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿದೆ. ಇಂಥ ಕಾಯಿಲೆಗಳಲ್ಲಿ ಅರ್ಧ ಪಾಲು ಗಂಡನದು, ಸರಿಯಾಗಿ ಅರ್ಧ. ಅವನ ರಕ್ತ ಇಲ್ಲದೆ ವರದಿ ಪೂರ್ತಿಯಾಗುವುದಿಲ್ಲ. ಮೇನರಿಕದ ಮನೆಯಲ್ಲಿ ಇದಕ್ಕೊಂದು ಅನುಕೂಲವೂ ಇದೆ. ಸೊಸೆಯ ಮನೆಯಿಂದ ಕಾಯಿಲೆ ಬಂತು ಎನ್ನಲು ಅತ್ತೆಗೆ ಬಾಯಿ ಬರುವುದಿಲ್ಲ, ಎರಡು ಮನೆಯ ಬೇರೂ ಒಂದೇ ಆದ್ದರಿಂದ.

ಅದೇ ಬೇರಿನ ಇನ್ನಷ್ಟು ಕೊಂಬೆಗಳಿರುತ್ತವೆ. ಗಂಡನ ಅಣ್ಣ, ಚಿಕ್ಕ ತಂಗಿ, ಹೆಂಡತಿಯ ತಮ್ಮ, ದೊಡ್ಡಮ್ಮನ ಮಕ್ಕಳು. ಅವರಲ್ಲಿ ಯಾರಿಗೆ ಆ ಕೆಟ್ಟ ಪ್ರತಿ ಇದೆಯೆಂದು ನೋಡುವುದು ಈಗ ಸುಲಭ. ಇಡೀ ಜೀನುರಾಶಿಯನ್ನು ಓದಬೇಕಿಲ್ಲ, ಗೊತ್ತಿರುವ ಆ ಒಂದು ಜಾಗವನ್ನು ನೋಡಿದರೆ ಸಾಕು. ಖರ್ಚೂ ಸಣ್ಣದು. ಅವರಲ್ಲಿ ಯಾರಿಗಾದರೂ ಸಂಬಂಧದಲ್ಲೇ ಮದುವೆ ಗೊತ್ತಾಗುವ ಮೊದಲು, ಇಲ್ಲವೇ ಮದುವೆಯಾಗಿ ಬಸಿರಾಗುವ ಮೊದಲು ಅದು ಗೊತ್ತಾದರೆ ಐವಿಎಫ್‌ವರೆಗೆ ಹೋಗಬೇಕಾದ ಸಂದರ್ಭವೇ ಬರದಿರಬಹುದು. ಭ್ರೂಣ ಪರೀಕ್ಷೆಯಿಂದ ಹುಟ್ಟಿದ ಮಗುವೂ ಒಂದು ಕೆಟ್ಟ ಪ್ರತಿಯನ್ನು ಹೊತ್ತಿರಬಹುದು. ಇಪ್ಪತ್ತು ವರ್ಷದ ಮೇಲೆ ಅವನ ಅಕ್ಕನ ಮಗಳ ಮಾತು ಮನೆಯಲ್ಲಿ ಎದ್ದಾಗ ಆ ವರದಿ ಬೇಕಾಗುತ್ತದೆ. ಆದ್ದರಿಂದ ಅದನ್ನು ಜಮೀನಿನ ಪಹಣಿ, ಕ್ರಯಪತ್ರ ಇಡುವ ಪೆಟ್ಟಿಗೆಯಲ್ಲೇ ಇಡಬೇಕು, ಅದರ ಒಂದೊಂದು ಪ್ರತಿ ಒಡಹುಟ್ಟಿದವರ ಮನೆಗಳಿಗೂ ಹೋಗಬೇಕು.